ಮಾನಸಿಕ ಕಾಯಿಲೆಗೆ ವಿಮೆ: ಕಾಯ್ದೆ ಕೊಟ್ಟಿರುವುದು ಎಷ್ಟು, ಇನ್ನೂ ಕೊಡಬೇಕಾದದ್ದು ಎಷ್ಟು

ಪ್ರಶ್ನೆ: ನಮ್ಮದು ಕುಂಬಳೆ ಸಮೀಪದ ಹಳ್ಳಿ. ನನ್ನ ತಮ್ಮನಿಗೆ ನಾಲ್ಕು ವರ್ಷಗಳ ಹಿಂದೆ ಬೈಪೋಲಾರ್ ಕಾಯಿಲೆ (ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಮನೋರೋಗ) ಇದೆಯೆಂದು ಗೊತ್ತಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಮನೆಯವರೆಲ್ಲರ ಹೆಸರಿನಲ್ಲಿ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿದ್ದೆವು. ಕಳೆದ ಮಳೆಗಾಲದಲ್ಲಿ ಅವನು ಔಷಧಿ ನಿಲ್ಲಿಸಿದ್ದರಿಂದ ಕಾಯಿಲೆ ಉಲ್ಬಣಿಸಿ, ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ವಾರ ಇರಿಸಬೇಕಾಯಿತು. ಬಿಲ್ಲು 1,42,000 ರೂಪಾಯಿ ಆಯಿತು. ಮಾನಸಿಕ ಕಾಯಿಲೆಗೆ 25,000 ರೂಪಾಯಿಯೇ ಮಿತಿ ಎಂದು ಹೇಳಿ ಕಂಪನಿ ಅಷ್ಟನ್ನು ಮಾತ್ರ ಕೊಟ್ಟಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮದ್ಯಪಾನದ ಉಲ್ಲೇಖ ಇರುವುದನ್ನೂ ತನ್ನ ಪತ್ರದಲ್ಲಿ ಎತ್ತಿದೆ. ಪ್ರತಿ ತಿಂಗಳ ವೈದ್ಯರ ಫೀಸು, ಔಷಧಿ, ರಕ್ತಪರೀಕ್ಷೆಯ ಖರ್ಚಿಗೆ ಏನೂ ಸಿಗುವುದಿಲ್ಲ. ಮಾನಸಿಕ ಕಾಯಿಲೆಗೂ ಸಮಾನ ವಿಮೆ ಕೊಡಬೇಕೆಂಬ ಕಾನೂನು ಬಂದಿದೆ ಎನ್ನುತ್ತಾರಲ್ಲ, ಅದರಿಂದ ನಮಗೆ ಏನು ಪ್ರಯೋಜನ? ಇನ್ನೊಂದು ವಿಷಯ: ಅಮ್ಮನಿಗೆ ಪ್ರತ್ಯೇಕ ಪಾಲಿಸಿ ಮಾಡಿಸಬೇಕೆಂದಿದ್ದೇವೆ. ಅವರು ಎರಡು ವರ್ಷಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದನ್ನು ಅರ್ಜಿಯಲ್ಲಿ ಬರೆಯುವುದು ಬೇಡ ಎಂದು ಏಜೆಂಟರು ಹೇಳುತ್ತಾರೆ. ಬರೆಯಬೇಕೇ?

ಉತ್ತರ: ನಿಮ್ಮ ತಮ್ಮನ ಆಸ್ಪತ್ರೆ ಬಿಲ್ಲಿನ ಮಟ್ಟಿಗೆ ಕಾನೂನು ನಿಮ್ಮ ಪರವಾಗಿದೆ, ಮತ್ತು ಉಳಿದ ಹಣಕ್ಕಾಗಿ ನೀವು ದೂರು ಕೊಡಲೇಬೇಕು. ತಿಂಗಳ ಖರ್ಚಿನ ಮಟ್ಟಿಗೆ ಕಾನೂನು ಇನ್ನೂ ನಿಮ್ಮ ಬಾಗಿಲಿಗೆ ಬಂದಿಲ್ಲ. ಬರಬೇಕಾದರೆ ಕಾಯ್ದೆಯಲ್ಲಿಯೇ ಬದಲಾವಣೆ ಆಗಬೇಕು. ಇವೆರಡರ ನಡುವಿನ ಅಂತರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇದೇ ಕಷ್ಟ ಇದೆ ಮತ್ತು ಬಹಳಷ್ಟು ಜನ ಕಂಪನಿಯ ಮೊದಲ ಪತ್ರವನ್ನೇ ಕೊನೆಯ ಮಾತೆಂದು ತಿಳಿದು ಸುಮ್ಮನಾಗುತ್ತಾರೆ.

ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಗೆ 2017ರ ಏಪ್ರಿಲ್ 7ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು; ಅದು ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 21ನೇ ಕಲಮಿನ 4ನೇ ಉಪಕಲಂ ಒಂದೇ ವಾಕ್ಯದ್ದು: ದೈಹಿಕ ಕಾಯಿಲೆಯ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವೈದ್ಯಕೀಯ ವಿಮೆ ದೊರೆಯುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಬ್ಬ ವಿಮಾದಾರನೂ ವಿಮೆಯ ವ್ಯವಸ್ಥೆ ಮಾಡತಕ್ಕದ್ದು. ಇದಕ್ಕೆ ಮೊದಲಿದ್ದ 1987ರ ಕಾಯ್ದೆಯಲ್ಲಿ ಇಂಥ ಮಾತು ಇರಲಿಲ್ಲ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಸ್ಥಿರೀಕರಿಸಿತ್ತು. ಆರೋಗ್ಯ ವಿಮೆಯಲ್ಲಿ ತಾರತಮ್ಯ ಮಾಡಕೂಡದೆಂದು ಅದರ 25ನೇ ವಿಧಿ ಹೇಳುತ್ತದೆ. ಹೊಸ ಕಾಯ್ದೆಯನ್ನು ಆ ಒಡಂಬಡಿಕೆಗೆ ಹೊಂದುವಂತೆ ರೂಪಿಸಿದ್ದರಿಂದ ವಿಮೆಯ ಮಾತೂ ಅದರೊಳಗೆ ಬಂತು. ಅಲ್ಲಿಯವರೆಗೆ ನಮ್ಮ ದೇಶದ ಬಹುತೇಕ ಪಾಲಿಸಿಗಳ ಹೊರಗಿಡುವಿಕೆಯ ಪಟ್ಟಿಯಲ್ಲಿ ಮನೋರೋಗಕ್ಕೆ ಖಾಯಂ ಜಾಗ ಇತ್ತು ಎಂಬುದನ್ನು ನೆನೆದರೆ ಈ ಒಂದು ವಾಕ್ಯದ ಬೆಲೆ ತಿಳಿಯುತ್ತದೆ.

ಆದರೆ ಕಾಯ್ದೆ ಜಾರಿಯಾದ ಮರುದಿನದಿಂದಲೇ ಕಂಪನಿಗಳು ದಾರಿಗೆ ಬರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್ 16ರಂದು ಸುತ್ತೋಲೆ ಹೊರಡಿಸಿ, ಈ ಕಲಮನ್ನು ತಕ್ಷಣವೇ ಪಾಲಿಸಬೇಕೆಂದು ಎಲ್ಲ ಕಂಪನಿಗಳಿಗೂ ಸೂಚಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಯಾವುದನ್ನು ಪಾಲಿಸಿಯಿಂದ ಹೊರಗಿಡಬಹುದು, ಯಾವುದನ್ನು ಹೊರಗಿಡಕೂಡದು ಎಂಬ ಮಾರ್ಗಸೂಚಿ ತಂದಾಗ, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹೊರಗಿಡಕೂಡದವುಗಳ ಪಟ್ಟಿಗೆ ಸೇರಿಸಿತು. ಅಷ್ಟಾದರೂ ಎಲ್ಲ ಪಾಲಿಸಿಗಳೂ ಸರಿಹೋಗದ ಕಾರಣ, 2022ರ ಅಕ್ಟೋಬರ್ 31ರೊಳಗೆ ಯಾವ ವಿನಾಯಿತಿಯೂ ಇಲ್ಲದೆ ಕಾಯ್ದೆಗೆ ಅನುಗುಣವಾಗಿರಬೇಕೆಂದು ಮತ್ತೊಮ್ಮೆ ಆದೇಶಿಸಬೇಕಾಯಿತು. ನಾಲ್ಕು ವರ್ಷಗಳಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಬೇಕಾದುದೇ ಕಂಪನಿಗಳ ಮನಸ್ಸು ಎತ್ತ ಇತ್ತು ಎಂಬುದಕ್ಕೆ ಸಾಕ್ಷಿ.

ಪೂರ್ತಿ ಹೊರಗಿಡುವುದು ಸಾಧ್ಯವಿಲ್ಲವೆಂದಾದ ಮೇಲೆ ಕೆಲವು ಪಾಲಿಸಿಗಳು ಹಿಡಿದ ದಾರಿಯೇ ನಿಮ್ಮ ಪತ್ರದಲ್ಲಿರುವ ಉಪಮಿತಿ. ಅಂದರೆ ವಿಮೆಯ ಒಟ್ಟು ಮೊತ್ತ 5 ಲಕ್ಷ, ಆದರೆ ಮನೋರೋಗಕ್ಕೆ ಮಾತ್ರ 25,000. 21ನೇ ಕಲಮಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು 2021ರ ಏಪ್ರಿಲ್ 19ರಂದು ತೀರ್ಪು ಕೊಟ್ಟಿದ್ದಾರೆ. ವಿಮೆಯಲ್ಲಿ ದೈಹಿಕ ಮತ್ತು ಮಾನಸಿಕ ಕಾಯಿಲೆಗಳ ನಡುವೆ ಭೇದ ಮಾಡುವುದು ಆ ಕಲಮಿಗೆ ವಿರುದ್ಧವೆಂದು, ಕಾಯ್ದೆ ಜಾರಿಗೆ ಬಂದ ದಿನದಿಂದಲೇ ಕಂಪನಿಗಳು ಅದಕ್ಕೆ ಬದ್ಧವೆಂದು, ಅದರ ಪಾಲನೆಯ ಮೇಲೆ ಕಣ್ಣಿಡುವುದು ಪ್ರಾಧಿಕಾರದ ಕರ್ತವ್ಯವೆಂದು ನ್ಯಾಯಾಲಯ ಹೇಳಿತು. ದೆಹಲಿಯ ತೀರ್ಪು ಕೇರಳದ ಅಥವಾ ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಕೇಂದ್ರದ ಒಂದೇ ಕಾಯ್ದೆಯ ಒಂದೇ ಕಲಮನ್ನು ಒಂದು ಹೈಕೋರ್ಟು ವ್ಯಾಖ್ಯಾನಿಸಿರುವಾಗ, ಉಳಿದೆಡೆ ಅದಕ್ಕೆ ತೂಕ ಇದ್ದೇ ಇರುತ್ತದೆ.

ಕಂಪನಿಯವರು ಒಂದು ಪ್ರತಿವಾದ ಹೂಡಬಹುದು: ಕಣ್ಣಿನ ಪೊರೆಗೂ ಹರ್ನಿಯಾಕ್ಕೂ ಉಪಮಿತಿ ಇದೆಯಲ್ಲ, ಹಾಗಾದರೆ ಮನೋರೋಗಕ್ಕೆ ಮಿತಿ ಹಾಕಿದರೆ ತಾರತಮ್ಯ ಹೇಗಾಗುತ್ತದೆ ಎಂದು. ನನ್ನ ಅಭಿಪ್ರಾಯದಲ್ಲಿ ಇದು ನಿಲ್ಲುವ ವಾದವಲ್ಲ. ಕಣ್ಣಿನ ಪೊರೆಗೆ ಹಾಕಿದ ಮಿತಿ ಒಂದು ನಿರ್ದಿಷ್ಟ ಶಸ್ತ್ರಚಿಕಿತ್ಸೆಗೆ ಹಾಕಿದ್ದು, ಆ ಶಸ್ತ್ರಚಿಕಿತ್ಸೆಯ ಸಾಮಾನ್ಯ ವೆಚ್ಚವನ್ನು ನೋಡಿ ಹಾಕಿದ್ದು. ಸ್ಕಿಜೋಫ್ರೇನಿಯಾದಿಂದ ಹಿಡಿದು ಹೆರಿಗೆಯ ನಂತರದ ಖಿನ್ನತೆಯವರೆಗಿನ ಹತ್ತಾರು ಕಾಯಿಲೆಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಅವುಗಳ ವೆಚ್ಚ ಎಷ್ಟೆಂದು ನೋಡದೆ, ಒಟ್ಟು ಮೊತ್ತದ ಶೇ. 5ರಷ್ಟನ್ನು ಮಾತ್ರ ಕೊಡುವುದಾಗಿ ಹೇಳುವುದು ಬೇರೆ. ಹೃದಯದ ಎಲ್ಲ ಕಾಯಿಲೆಗಳಿಗೂ ಸೇರಿ 25,000 ಎಂದು ನಿಮ್ಮ ಪಾಲಿಸಿ ಎಲ್ಲಿಯಾದರೂ ಹೇಳಿದೆಯೇ ಎಂದು ನೋಡಿ. ಇಲ್ಲದಿದ್ದರೆ ದೂರಿನಲ್ಲಿ ಇದನ್ನೇ ಬರೆಯಿರಿ.

ಈಗ ಮದ್ಯಪಾನದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ಉಪಮಿತಿಯ ವಾದ ಬಿದ್ದುಹೋದರೆ ಕಂಪನಿ ಮೊರೆಹೋಗುವುದು ಇದಕ್ಕೇ. ಪ್ರಾಧಿಕಾರವು ಅನುಮತಿಸಿರುವ ಹೊರಗಿಡುವಿಕೆಗಳಿಗೆ ಸಂಖ್ಯೆಗಳಿವೆ. ಮದ್ಯ, ಮಾದಕ ವಸ್ತು ಅಥವಾ ಇತರ ವ್ಯಸನಗಳ ಚಿಕಿತ್ಸೆ ಮತ್ತು ಅದರ ಪರಿಣಾಮಗಳು 12ನೆಯದು. ಆಸ್ಪತ್ರೆಗೆ ಸೇರಿಸುವಾಗ ಕಿರಿಯ ವೈದ್ಯರು ‘ಕುಡಿಯುತ್ತಾರೆಯೇ’ ಎಂದು ಕೇಳುತ್ತಾರೆ, ಮನೆಯವರು ‘ಆಗೊಮ್ಮೆ ಈಗೊಮ್ಮೆ’ ಎನ್ನುತ್ತಾರೆ, ಆ ಉತ್ತರ ಕೇಸ್ ಶೀಟಿನಲ್ಲಿ ಒಂದು ಸಾಲಾಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ ನಕಲಾಗುತ್ತದೆ. ಚಿಕಿತ್ಸೆಗೆ ಬೇಕಾದ ಆ ಮಾಹಿತಿಯನ್ನು ಕ್ಲೇಮು ಪರಿಶೀಲಿಸುವವರು ಕಾರಣವನ್ನಾಗಿ ಓದಿಕೊಳ್ಳುತ್ತಾರೆ. ನಿಮ್ಮ ತಮ್ಮನ ಸಮ್ಮರಿಯನ್ನು ತೆಗೆದು ‘ಡಯಾಗ್ನೋಸಿಸ್’ ಎಂಬಲ್ಲಿ ಏನು ಬರೆದಿದೆ ಎಂದು ನೋಡಿ. ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯ ಪ್ರಕಾರ ಬೈಪೋಲಾರ್ ಕಾಯಿಲೆಯ ಸಂಕೇತ ಎಫ್ 31; ಮದ್ಯದಿಂದಾಗುವ ತೊಂದರೆಗಳದ್ದು ಎಫ್ 10. ಮುಖ್ಯ ರೋಗವೆಂದು ಎಫ್ 31 ಇದ್ದು, ಮದ್ಯದ ಮಾತು ಹಿನ್ನೆಲೆಯ ಟಿಪ್ಪಣಿಯಲ್ಲಿ ಮಾತ್ರ ಇದ್ದರೆ 12ನೇ ಹೊರಗಿಡುವಿಕೆ ಅನ್ವಯಿಸುವುದಿಲ್ಲ. ಆಸ್ಪತ್ರೆಗೆ ಸೇರಿಸಿದ್ದು ಔಷಧಿ ನಿಂತು ಉನ್ಮಾದ ಉಲ್ಬಣಿಸಿದ ಕಾರಣದಿಂದ, ಕೊಟ್ಟ ಚಿಕಿತ್ಸೆಯೂ ಅದಕ್ಕೇ, ಎಂದು ಚಿಕಿತ್ಸೆ ನೀಡಿದ ಮನೋವೈದ್ಯರಿಂದ ಲೆಟರ್‌ಹೆಡ್ಡಿನಲ್ಲಿ ಪತ್ರವೊಂದನ್ನು ಪಡೆಯಿರಿ. ಅದರ ಜೊತೆಗೆ ದಾಖಲೆಗಳ ಪ್ರತಿಯನ್ನೂ ಕೇಳಿ. ತನ್ನ ಚಿಕಿತ್ಸೆಯ ಮೂಲಭೂತ ದಾಖಲೆಗಳನ್ನು ಪಡೆಯುವ ಹಕ್ಕನ್ನು ಇದೇ ಕಾಯ್ದೆಯ 25ನೇ ಕಲಂ ರೋಗಿಗೆ ಕೊಟ್ಟಿದೆ.

ದಾಖಲೆಗಳಲ್ಲಿ ಒಂದನ್ನು, ಅಂದರೆ ಆಸ್ಪತ್ರೆಗೆ ಸೇರಿಸಿಕೊಂಡಾಗಿನ ಫಾರಮನ್ನು, ವಿಶೇಷವಾಗಿ ಹುಡುಕಿ. ನಿಮ್ಮ ತಮ್ಮ ತಾನಾಗಿ ಒಪ್ಪಿ ಸೇರಿದ್ದರೆ ಅದು 86ನೇ ಕಲಮಿನ ದಾಖಲಾತಿ. ಒಪ್ಪುವ ಸ್ಥಿತಿಯಲ್ಲಿರದೆ ನೀವು ಸೇರಿಸಿದ್ದರೆ ಅದು 89ನೇ ಕಲಮಿನದು. ಎರಡನೆಯದಾಗಿದ್ದರೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿ, ರೋಗಿ ತನಗೆ ಹಾನಿ ಮಾಡಿಕೊಳ್ಳುವ, ಇತರರ ಮೇಲೆ ಕೈಮಾಡುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾನೆಂದು ದಾಖಲಿಸಿರಬೇಕಾಗುತ್ತದೆ. ಇದು ಮನೆಯಲ್ಲಿಯೇ ನೋಡಿಕೊಳ್ಳಬಹುದಾಗಿದ್ದ ಪ್ರಕರಣ, ಕೇವಲ ನಿಗಾಕ್ಕಾಗಿ ಅಥವಾ ವಿಶ್ರಾಂತಿಗಾಗಿ ಸೇರಿಸಿದ್ದಾರೆ ಎಂಬ ಆಕ್ಷೇಪ ಮನೋರೋಗದ ಕ್ಲೇಮುಗಳಲ್ಲಿ ಬರುತ್ತದೆ. ಅದಕ್ಕೆ ಆ ಫಾರಂಗಿಂತ ಗಟ್ಟಿಯಾದ ಉತ್ತರ ಬೇರೊಂದಿಲ್ಲ. ಆದರೂ ಕ್ಲೇಮಿನ ಕಡತದೊಳಗೆ ಅದನ್ನು ಇಡುವವರು ಕಡಿಮೆ.

ದೂರು ಮೊದಲು ಹೋಗಬೇಕಾದದ್ದು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಲಿಖಿತವಾಗಿ. 2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯ ಪ್ರಕಾರ, ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಆ ಒಪ್ಪಿಗೆ ಆಗಿದೆಯೇ, ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಹಣ ಕಡಿತ ಮಾಡಲಾಗಿದೆ ಎಂದು ಕೇಳಿ. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ, ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಬಳಿಗೆ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರ ಅಗತ್ಯವೂ ಇಲ್ಲ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಅಲ್ಲಿ ಬರುವ ತೀರ್ಮಾನಕ್ಕೆ ಕಂಪನಿ ಬದ್ಧ, ನೀವು ಬದ್ಧರಲ್ಲ.

ಗಡಿಯಲ್ಲಿರುವ ನಮಗೆ ಇಲ್ಲಿ ಒಂದು ಅನುಕೂಲ ಇದೆ. ದೂರುದಾರರ ವಾಸಸ್ಥಳ ಯಾರ ವ್ಯಾಪ್ತಿಯಲ್ಲಿದೆಯೋ ಆ ಒಂಬುಡ್ಸ್‌ಮನ್‌ಗೂ ದೂರು ಕೊಡಬಹುದು, ವಿಮಾ ಕಂಪನಿಯ ಸಂಬಂಧಪಟ್ಟ ಶಾಖೆ ಯಾರ ವ್ಯಾಪ್ತಿಯಲ್ಲಿದೆಯೋ ಅವರಿಗೂ ಕೊಡಬಹುದು. ಕಾಸರಗೋಡಿನ ನಿವಾಸಿಗೆ ಕೊಚ್ಚಿಯ ಕಚೇರಿ; ಪಾಲಿಸಿ ಮಾಡಿಸಿದ್ದು ಮಂಗಳೂರಿನ ಶಾಖೆಯಲ್ಲಾದರೆ ಬೆಂಗಳೂರಿನ ಕಚೇರಿಯೂ ಆಗುತ್ತದೆ. ಕನ್ನಡದ ದಾಖಲೆಗಳು ಹೆಚ್ಚಾಗಿರುವವರು ಎರಡನೆಯದನ್ನು ಯೋಚಿಸುವುದು ಒಳ್ಳೆಯದು. ಇದಲ್ಲದೆ ಗ್ರಾಹಕ ಆಯೋಗದ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ಪ್ರಕರಣ ಹೂಡಬಹುದಾದ್ದರಿಂದ, ಆಸ್ಪತ್ರೆ ಮಂಗಳೂರಿನಲ್ಲಿದ್ದರೂ ಕಾಸರಗೋಡಿನ ಜಿಲ್ಲಾ ಆಯೋಗ ಸಾಕು. ಕಾಲಾವಕಾಶ ಎರಡು ವರ್ಷ. ಆದರೆ ಏಕಕಾಲಕ್ಕೆ ಎರಡೂ ಕಡೆ ಹೋಗಬೇಡಿ. ಆಯೋಗದಲ್ಲಿ ಪ್ರಕರಣ ಬಾಕಿ ಇದ್ದರೆ ಒಂಬುಡ್ಸ್‌ಮನ್ ಅದನ್ನು ಎತ್ತಿಕೊಳ್ಳುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ತಿಂಗಳ ಖರ್ಚಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ.

ನಮ್ಮಲ್ಲಿ ಆರೋಗ್ಯ ವಿಮೆ ಹುಟ್ಟಿದ್ದೇ ಹಾಸಿಗೆಯ ಲೆಕ್ಕದಲ್ಲಿ. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು, ಇಲ್ಲವೇ ಡೇ ಕೇರ್, ಅಂದರೆ ಒಂದೇ ದಿನದಲ್ಲಿ ಮುಗಿಯುವುದು, ಎಂದು ಗುರುತಿಸಿದ ಚಿಕಿತ್ಸೆಯಾಗಿರಬೇಕು. ಆಸ್ಪತ್ರೆ ಎಂದರೇನು ಎಂಬುದರ ವ್ಯಾಖ್ಯೆಯನ್ನು ನೋಡಿದರೂ ಸಾಕು: ನೋಂದಣಿ ಕಾಯ್ದೆಯಡಿ ಆಸ್ಪತ್ರೆಯಾಗಿ ನೋಂದಾಯಿತವಾಗಿರಬೇಕು, ಅದಿಲ್ಲದಿದ್ದರೆ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಬೇರೆಡೆ 15 ಹಾಸಿಗೆ, ಹಗಲಿರುಳು ವೈದ್ಯರು ಮತ್ತು ದಾದಿಯರು, ಸ್ವಂತದ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ ಇರಬೇಕು. ಮನೋರೋಗಿಗಳನ್ನು ಮಾತ್ರ ನೋಡಿಕೊಳ್ಳುವ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಶಸ್ತ್ರಚಿಕಿತ್ಸಾ ಕೊಠಡಿ ಏಕೆ ಬೇಕು? ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಂಡ ಸಂಸ್ಥೆಯೆಲ್ಲವೂ ವಿಮೆಯ ದೃಷ್ಟಿಯಲ್ಲೂ ಆಸ್ಪತ್ರೆಯೇ ಎಂದು ಒಂದು ಸಾಲು ಸೇರಿಸಿದ್ದರೆ ಈ ತೊಡಕು ಇರುತ್ತಿರಲಿಲ್ಲ.

ಇಂಥ ಪಾಲಿಸಿಯೊಳಗೆ ‘ಅದೇ ಆಧಾರದ ಮೇಲೆ’ ಎಂದು ಕಾಯ್ದೆ ಹೇಳಿದಾಗ ಸಿಗುವ ಸಮಾನತೆಯೂ ಹಾಸಿಗೆಯಷ್ಟಕ್ಕೇ ನಿಲ್ಲುತ್ತದೆ. ದೈಹಿಕ ಕಾಯಿಲೆಗೆ ಹೊರರೋಗಿ ವೆಚ್ಚ ಕೊಡುವುದಿಲ್ಲ, ಆದ್ದರಿಂದ ಮಾನಸಿಕ ಕಾಯಿಲೆಗೂ ಕೊಡುವುದಿಲ್ಲ ಎಂದು ಕಂಪನಿ ಹೇಳಿದರೆ, ಕಾಯ್ದೆಯ ಅಕ್ಷರದ ಮಟ್ಟಿಗೆ ಅದು ತಪ್ಪಲ್ಲ. ಆದರೆ ಅಪೆಂಡಿಸೈಟಿಸ್ ಆದವನಿಗೆ ಚಿಕಿತ್ಸೆಯ ಬಹುಪಾಲು ಆಸ್ಪತ್ರೆಯೊಳಗೇ ಮುಗಿಯುತ್ತದೆ. ಬೈಪೋಲಾರ್ ಕಾಯಿಲೆಯವನಿಗೆ ಆಸ್ಪತ್ರೆವಾಸ ಎಂದರೆ ಚಿಕಿತ್ಸೆ ತಪ್ಪಿಹೋದ ಕಾಲ. ನಿಜವಾದ ಚಿಕಿತ್ಸೆ ನಡೆಯುವುದು ಮನೆಯಲ್ಲಿ, ವರ್ಷಾನುಗಟ್ಟಲೆ. ನಿಮ್ಮ ತಮ್ಮನಿಗೆ ಲಿಥಿಯಂ ಕೊಡುತ್ತಿದ್ದರೆ ನಿಮಗೆ ಗೊತ್ತಿರುತ್ತದೆ: ಮಾತ್ರೆ ದುಬಾರಿಯಲ್ಲ, ಆದರೆ ರಕ್ತದಲ್ಲಿ ಅದರ ಮಟ್ಟ ಹದದಲ್ಲಿದೆಯೇ ಎಂದು ನೋಡುತ್ತಿರಬೇಕು, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಾಗ ಮಾಡಿಸಬೇಕು, ವೈದ್ಯರನ್ನು ಕಾಣಬೇಕು, ಆಪ್ತಸಮಾಲೋಚನೆ ಬೇಕು. ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವುದೆಂದರೆ ರೋಗಿಯ ಒಂದು ದಿನದ ಕೂಲಿ, ಜೊತೆಗೆ ಹೋದವರ ಒಂದು ದಿನದ ಕೂಲಿ. ಕೈಯಲ್ಲಿ ಹಣ ಇಲ್ಲದ ತಿಂಗಳು ಮೊದಲು ತಪ್ಪುವುದು ರಕ್ತಪರೀಕ್ಷೆ, ಆಮೇಲೆ ವೈದ್ಯರ ಭೇಟಿ, ಕೊನೆಗೆ ಮಾತ್ರೆ. ಮಾತ್ರೆ ನಿಂತರೆ ಮತ್ತೆ ಆಸ್ಪತ್ರೆ. ಆಗ ಲಕ್ಷಗಟ್ಟಲೆಯ ಬಿಲ್ಲನ್ನು ಕಟ್ಟುವ ಹೊಣೆ ಇದೇ ವಿಮಾ ಕಂಪನಿಯ ಮೇಲೆ ಬೀಳುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಇದು.

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ. 10.6ರಷ್ಟು ಜನ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವುದು ಕಂಡುಬಂತು. ಕಾಯಿಲೆಯನ್ನು ಅವಲಂಬಿಸಿ ಅವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಇವರಲ್ಲಿ ಬಹುತೇಕರಿಗೆ ಬೇಕಾಗಿರುವುದು ಹೊರರೋಗಿ ಚಿಕಿತ್ಸೆ. ಹಾಸಿಗೆಯ ಸುತ್ತ ಕಟ್ಟಿದ ವಿಮೆ ಎಷ್ಟೇ ಸಮಾನವಾಗಿದ್ದರೂ ಅವರನ್ನು ಮುಟ್ಟುವುದಿಲ್ಲ.

ಬೇರೆ ದೇಶದವರು ಈ ದಾರಿಯಲ್ಲಿ ನಡೆದು ಕಲಿತದ್ದೂ ಇದೆ. ಅಮೆರಿಕದಲ್ಲಿ 1996ರ ಮೊದಲ ಸಮಾನತೆಯ ಕಾಯ್ದೆ, ವಾರ್ಷಿಕ ಮತ್ತು ಜೀವಮಾನದ ಹಣದ ಮಿತಿಯಲ್ಲಿ ಮಾತ್ರ ತಾರತಮ್ಯ ಕೂಡದೆಂದಿತು. ಕಂಪನಿಗಳು ಹಣದ ಮಿತಿಯನ್ನು ತೆಗೆದು, ವರ್ಷಕ್ಕೆ ಇಷ್ಟೇ ಭೇಟಿ, ಇಷ್ಟೇ ದಿನದ ಆಸ್ಪತ್ರೆವಾಸ ಎಂಬ ಮಿತಿಗಳ ಮೊರೆಹೊಕ್ಕವು. 2008ರ ಕಾಯ್ದೆ ಆ ದಾರಿಗಳನ್ನೂ ಮುಚ್ಚಿ, ರೋಗಿ ಕೈಯಿಂದ ಭರಿಸುವ ಪಾಲು, ಭೇಟಿಗಳ ಸಂಖ್ಯೆ, ಪೂರ್ವಾನುಮತಿಯ ನಿಯಮಗಳು ಎಲ್ಲದರಲ್ಲೂ ಸಮಾನತೆ ಬೇಕೆಂದಿತು. ಆದರೂ ಅದು ‘ಕೊಡುವುದಾದರೆ ಸಮಾನವಾಗಿ ಕೊಡಿ’ ಎಂದಿತೇ ಹೊರತು ‘ಕೊಡಲೇಬೇಕು’ ಎಂದಿರಲಿಲ್ಲ. ವ್ಯಕ್ತಿಗತ ಮತ್ತು ಸಣ್ಣ ಗುಂಪುಗಳ ವಿಮೆಗಳಲ್ಲಿ ಮಾನಸಿಕ ಆರೋಗ್ಯ ಹಾಗೂ ವ್ಯಸನದ ಚಿಕಿತ್ಸೆಯನ್ನು ಅತ್ಯಗತ್ಯ ಸೌಲಭ್ಯಗಳ ಪಟ್ಟಿಗೆ ಸೇರಿಸಿದ್ದು 2010ರ ಕಾಯ್ದೆ. ನಾವು ಈ ಏಣಿಯ ಮೊದಲ ಮೆಟ್ಟಿಲಿನ ಆಸುಪಾಸಿನಲ್ಲಿದ್ದೇವೆ. ಸಮಾನತೆ ಬೇಕು, ಅದಷ್ಟೇ ಸಾಲದು. ಇಂತಿಂಥ ಹೊರರೋಗಿ ಸೇವೆಯನ್ನು ಕಡ್ಡಾಯವಾಗಿ ಕೊಡತಕ್ಕದ್ದು ಎಂದು ನಮ್ಮ ಕಾಯ್ದೆಯೂ ಹೇಳಬೇಕು. ದೀರ್ಘಕಾಲದ ಮನೋರೋಗಗಳಿಗೆ ವೈದ್ಯರ ಭೇಟಿ, ಔಷಧಿ, ನಿಗದಿತ ಪರೀಕ್ಷೆಗಳು ಮತ್ತು ಆಪ್ತಸಮಾಲೋಚನೆ, ಇಷ್ಟನ್ನು ವಾರ್ಷಿಕ ಮೊತ್ತವೊಂದನ್ನು ನಿಗದಿಪಡಿಸಿ ಪ್ರತಿ ಪಾಲಿಸಿಯಲ್ಲಿಯೂ ಸೇರಿಸುವುದು ಅಸಾಧ್ಯವೇನೂ ಅಲ್ಲ. ಹೆಚ್ಚುವರಿ ಪ್ರೀಮಿಯಂ ಪಡೆದು ಹೊರರೋಗಿ ವೆಚ್ಚ ಭರಿಸುವ ಪಾಲಿಸಿಗಳು ಈಗಲೂ ಇವೆ. ಅವು ಕೊಳ್ಳಬಲ್ಲವರಿಗೆ ಮಾತ್ರ ಎಂಬುದೇ ಕೊರತೆ.

ಮದ್ಯಪಾನದ ವಿಷಯದಲ್ಲಿಯೂ ಕಾನೂನು ತನಗೆ ತಾನೇ ಎದುರು ನಿಂತಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಪ್ರಾಧಿಕಾರದ 12ನೇ ಹೊರಗಿಡುವಿಕೆ ಅದನ್ನೇ ವಿಮೆಯ ಹೊರಗೆ ತಳ್ಳುತ್ತದೆ. ಸಂಸತ್ತಿನ ಕಾಯ್ದೆ ದೊಡ್ಡದೋ ಪ್ರಾಧಿಕಾರದ ಮಾರ್ಗಸೂಚಿ ದೊಡ್ಡದೋ ಎಂದು ಕೇಳಿದರೆ ಕಾಯ್ದೆಯೇ ದೊಡ್ಡದು ಎಂದು ನಾನು ಹೇಳುತ್ತೇನೆ. ಆದರೆ ಪ್ರತಿಯೊಂದು ಬಡಕುಟುಂಬವೂ ನ್ಯಾಯಾಲಯಕ್ಕೆ ಹೋಗಿ ಹೇಳಿಸಿಕೊಳ್ಳಬೇಕಾದ ಮಾತಲ್ಲ ಇದು. ಪ್ರಾಧಿಕಾರವೇ ಮಾರ್ಗಸೂಚಿಯನ್ನು ತಿದ್ದಬೇಕು.

ನಮ್ಮ ಜಿಲ್ಲೆಯ ಓದುಗರಿಗಾಗಿ ಇನ್ನೊಂದು ಮಾತು. ಬೌದ್ಧಿಕ ಬೆಳವಣಿಗೆಯ ಕುಂಠಿತವನ್ನು ಈ ಕಾಯ್ದೆಯ ವ್ಯಾಖ್ಯೆ ಒಳಗೊಳ್ಳುವುದಿಲ್ಲ. ಎಣ್ಮಕಜೆ ಮತ್ತು ಸುತ್ತಲಿನ ಎಂಡೋಸಲ್ಫಾನ್ ಕೀಟನಾಶಕ ಪೀಡಿತ ಊರುಗಳಲ್ಲಿ ಇಂಥ ಮಕ್ಕಳಿರುವ ಮನೆಗಳವರು 21ನೇ ಕಲಮನ್ನು ನೆಚ್ಚಿಕೊಂಡರೆ ಕೈಗೆ ಏನೂ ಸಿಗದು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಎಂಬ ವಿಮಾ ಯೋಜನೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಆ ಯೋಜನೆಯಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯ ವೆಚ್ಚವೂ ಸೇರಿದೆ. ಹೊರರೋಗಿ ವೆಚ್ಚವನ್ನು ವಿಮೆಯೊಳಗೆ ತರಲು ಸಾಧ್ಯವೇ ಎಂದು ಕೇಳುವವರಿಗೆ ಸರ್ಕಾರದ ಈ ಯೋಜನೆಯೇ ಉತ್ತರ.

ಕಾಯ್ದೆ ತಿದ್ದುಪಡಿಯಾಗುವವರೆಗೆ ನೀವು ಮಾಡಬಹುದಾದದ್ದು ಇಷ್ಟು. ಬಹಳಷ್ಟು ಪಾಲಿಸಿಗಳಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನ ಮತ್ತು ಬಿಡುಗಡೆಯ ನಂತರದ ಕೆಲವು ದಿನಗಳ ವೆಚ್ಚ, ಅಂದರೆ ಸಾಮಾನ್ಯವಾಗಿ ಮೊದಲಿನ 30 ದಿನ, ನಂತರದ 60 ಅಥವಾ 90 ದಿನಗಳ ವೆಚ್ಚ ಸೇರಿರುತ್ತದೆ. ಬಿಡುಗಡೆಯಾದ ಮೇಲೆ ಆ ಅವಧಿಯಲ್ಲಿ ನೀವು ಕೊಟ್ಟ ವೈದ್ಯರ ಫೀಸು, ಔಷಧಿ, ಲಿಥಿಯಂ ಪರೀಕ್ಷೆಯ ಬಿಲ್ಲುಗಳನ್ನು ಇದರಡಿಯಲ್ಲಿ ಕೇಳಬಹುದು. ಕೇಳಿರದಿದ್ದರೆ ಉಪಮಿತಿಯ ದೂರಿನ ಜೊತೆಗೆ ಅದನ್ನೂ ಸೇರಿಸಿ. ಉಳಿದ ತಿಂಗಳುಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ಗಳಲ್ಲಿ ಉಚಿತ ಔಷಧಿ ದೊರೆಯುತ್ತದೆ. ನಿಮ್ಮ ಮಂಗಳೂರಿನ ವೈದ್ಯರ ಚೀಟಿಯನ್ನು ತೋರಿಸಿ, ಅದೇ ಔಷಧಿ ಅಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ವಾಸಿಸುವ ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆ ಇಲ್ಲದಿದ್ದರೆ ಬೇರೆಡೆಯ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸಬೇಕೆಂದು 18ನೇ ಕಲಂ ಹೇಳುತ್ತದಾದರೂ, ಆ ಮಾತು ಅದೇ ಜಿಲ್ಲೆಯೊಳಗಿನ ಸಂಸ್ಥೆಗಳಿಗೆ ಸೀಮಿತ. ರಾಜ್ಯದ ಗಡಿಯಾದ ತಲಪಾಡಿ ದಾಟಿ ಚಿಕಿತ್ಸೆ ಪಡೆಯುವ ನಮ್ಮವರಿಗೆ ಅದರಿಂದ ಉಪಯೋಗ ಇಲ್ಲ. ಕಾಯ್ದೆ ಬರೆದವರ ಕಣ್ಣಿಗೆ ಗಡಿಯ ಜಿಲ್ಲೆಗಳು ಬೀಳಲಿಲ್ಲ ಎಂಬ ಬೇಸರ ನನಗಿದೆ, ಮತ್ತು ಇದನ್ನು ನಮ್ಮ ಶಾಸಕರೂ ಸಂಸದರೂ ಎತ್ತಬೇಕಾಗಿದೆ. ರಾತ್ರಿ ಹೊತ್ತು ತಮ್ಮನ ಸ್ಥಿತಿ ಕೈಮೀರುವಂತೆ ಕಂಡರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಕೇಂದ್ರ ಸರ್ಕಾರದ ಉಚಿತ ಸೇವೆ, ಕನ್ನಡದಲ್ಲಿಯೂ ಮಾತಾಡಬಹುದು.

ಕೊನೆಯದಾಗಿ ಅಮ್ಮನ ಅರ್ಜಿ. ಬರೆಯಲೇಬೇಕು. ಏಜೆಂಟರ ಮಾತು ಬಾಯಿಮಾತು, ಅರ್ಜಿಯ ಮೇಲಿನ ಸಹಿ ಅಮ್ಮನದು. ಪಾಲಿಸಿ ಆರಂಭವಾಗುವ ಮೊದಲಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ ಪೂರ್ವದ ಕಾಯಿಲೆ ಎನಿಸುತ್ತದೆ, ಅಮ್ಮನ ಖಿನ್ನತೆ ಅದರೊಳಗೆ ಬರುತ್ತದೆ. ಹೇಳಿದರೆ ಆ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾದೀತು, ಪ್ರೀಮಿಯಂ ಸ್ವಲ್ಪ ಹೆಚ್ಚಾದೀತು; ಮೂರು ವರ್ಷವಾದ ಮೇಲೆ ಅದಕ್ಕೂ ವಿಮೆ ಇರುತ್ತದೆ. ಹೇಳದಿದ್ದರೆ, ನಾಳೆ ಅವರಿಗೆ ಮೊಣಕಾಲಿನ ಅಥವಾ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಹಳೆಯ ಮಾತ್ರೆಯ ಚೀಟಿಯೊಂದು ಕಡತದಲ್ಲಿ ಕಂಡುಬಂದು, ಮಾಹಿತಿ ಮುಚ್ಚಿಟ್ಟಿದ್ದೀರೆಂದು ಪಾಲಿಸಿಯನ್ನೇ ರದ್ದುಮಾಡಬಹುದು. 60 ತಿಂಗಳು ನಿರಂತರವಾಗಿ ಪ್ರೀಮಿಯಂ ಕಟ್ಟಿದ ಮೇಲೆ ವಂಚನೆಯನ್ನು ಸಾಬೀತುಪಡಿಸದ ಹೊರತು ಕಂಪನಿ ಈ ತಕರಾರು ಎತ್ತುವಂತಿಲ್ಲ ಎಂಬುದು ನಿಜ, ಆದರೆ ಅದನ್ನು ನಂಬಿಕೊಂಡು ಐದು ವರ್ಷ ಅಂಜುತ್ತ ಕೂರುವುದು ಯಾಕೆ? ಖಿನ್ನತೆ ಇದೆಯೆಂದು ಹೇಳಿದ್ದಕ್ಕೆ ಪಾಲಿಸಿಯನ್ನೇ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮಾನಸಿಕ ಕಾಯಿಲೆ ಇರುವವರಿಗೂ ದೊರೆಯುವಂಥ ಪಾಲಿಸಿಯೊಂದನ್ನು ಪ್ರತಿ ಆರೋಗ್ಯ ವಿಮಾ ಕಂಪನಿಯೂ ಇಟ್ಟಿರಬೇಕೆಂದು ಪ್ರಾಧಿಕಾರವು 2023ರ ಫೆಬ್ರವರಿ 27ರ ಸುತ್ತೋಲೆಯಲ್ಲಿ ಆದೇಶಿಸಿದೆ.

ಅಮ್ಮ ಕನ್ನಡದಲ್ಲಿ ಸಹಿ ಮಾಡುವವರಾಗಿದ್ದು, ಅರ್ಜಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ, ಅದರ ಕೊನೆಯಲ್ಲಿ ‘ಅರ್ಜಿಯ ವಿಷಯಗಳನ್ನು ಇವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬ ಘೋಷಣೆ ಇರುತ್ತದೆ. ಪ್ರತಿಯೊಂದು ಪ್ರಶ್ನೆಯನ್ನೂ ಓದಿ ಹೇಳಿಸಿಕೊಳ್ಳದೆ ಅದರ ಕೆಳಗೆ ಸಹಿ ಬೇಡ. ಪಾಲಿಸಿ ಮನೆಗೆ ಬಂದಾಗ ಅದರ ಜೊತೆಗೆ ಅರ್ಜಿಯ ಪ್ರತಿಯೂ ಬರಬೇಕು; ಬಂದಿಲ್ಲವಾದರೆ ಕೇಳಿ ತರಿಸಿಕೊಳ್ಳಿ. ಮಾನಸಿಕ ಕಾಯಿಲೆಯ ಪ್ರಶ್ನೆಯ ಎದುರು ‘ಇಲ್ಲ’ ಎಂದು ಗುರುತು ಬಿದ್ದಿದ್ದರೆ, ಅದು ತಪ್ಪೆಂದು ಕಂಪನಿಗೆ ಅಂದೇ ಇಮೇಲ್ ಕಳುಹಿಸಿ ಸರಿಪಡಿಸಲು ಹೇಳಿ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ, ಅಷ್ಟು ದಿನದ ವಿಮೆಯ ಮತ್ತು ಇತರ ಸಣ್ಣ ವೆಚ್ಚಗಳನ್ನು ಕಳೆದು ಉಳಿದ ಹಣವನ್ನು ವಾಪಸು ಪಡೆಯುವ ಅವಕಾಶವೂ ನಿಮಗಿದೆ.